ಹೊನ್ನಾವರದ ಸುಲ್ತಾನನ ಊಟ

ನವಮಂಗಳೂರು ಬಂದರಿಗೆ ಬರುವ ವಿಲಾಸಿ ಹಡಗುಗಳಲ್ಲಿ ಸೂಪಿನಿಂದ ಸಿಹಿಯವರೆಗೆ ಒಂದಾದ ಮೇಲೊಂದು ಬಡಿಸುವ ವಿಶೇಷ ಭೋಜನವಿರುತ್ತದೆ. ಇದು ಫರಂಗಿಗಳ ಪದ್ಧತಿಯೆಂದು ನಾವು ಭಾವಿಸುತ್ತೇವೆ. ಆದರೆ ಪೋರ್ಚುಗೀಸರು 1498ರಲ್ಲಿ ಭಾರತ ತಲುಪುವ ಒಂದೂವರೆ ಶತಮಾನ ಮೊದಲು, ನೇತ್ರಾವತಿ ದಡದ ಫರಂಗಿಪೇಟೆಗೆ ಆ ಹೆಸರು ಬರುವುದಕ್ಕಿಂತ ಎಷ್ಟೋ ಮುಂಚೆ, ನಮ್ಮ ಕರಾವಳಿಯಲ್ಲಿ ಅಂಥ ಊಟವಿತ್ತು.

ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ 1342ರ ಸುಮಾರಿಗೆ ಈ ದಾರಿಯಾಗಿ ಸಾಗಿದ. ನೌಕಾಬಲಕ್ಕೆ ಹೆಸರಾದ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು ಆತ ವಿವರವಾಗಿ ದಾಖಲಿಸಿದ್ದಾನೆ. ತಾಮ್ರದ ತಟ್ಟೆಗೆ ಮೊದಲು ಅನ್ನ, ಮೇಲೆ ತುಪ್ಪ. ನಂಜಿಕೊಳ್ಳಲು ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿಯ ಬಗೆಗಳು, ನಂತರ ಮೀನು, ಬಳಿಕ ತುಪ್ಪದಲ್ಲಿ ಬೇಯಿಸಿದ ತರಕಾರಿ. ಪ್ರತಿ ಸರದಿಗೂ ಮತ್ತೆ ಅನ್ನ. ಕೊನೆಗೆ ಮೊಸರು ಬಂದರೆ ಊಟ ಮುಗಿಯಿತೆಂದು ಅರ್ಥ. ಕುಡಿಯಲು ಬಿಸಿನೀರು; ಮಳೆಗಾಲದಲ್ಲಿ ತಣ್ಣೀರು ಆಗದು.

ಮಂಗಳೂರಿನಲ್ಲಿ ಮೆಣಸು, ಶುಂಠಿ ಹೇರಳವಾಗಿದ್ದವು. ಪರ್ಷಿಯಾ, ಯಮನ್‌ಗಳ ವರ್ತಕರು ಅಲ್ಲಿ ಇಳಿಯುತ್ತಿದ್ದರು. ಸುಮಾರು 4,000 ಮುಸ್ಲಿಮರು ನೆಲೆಸಿದ್ದರು ಎನ್ನುತ್ತಾನೆ ಆತ. ಹೊರನಾಡಿನವರು ಅರಸಿ ಬಂದ ಸರಕೇ ಸುಲ್ತಾನನ ತಟ್ಟೆಯ ಅಂಚಿನಲ್ಲಿತ್ತು.

ಆದರೆ ಅದನ್ನು ಬಡಿಸಿದವಳು ರೇಷ್ಮೆಯುಟ್ಟ ಒಬ್ಬ ದಾಸಿ. ಅದೇ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗಾಗಿ 13 ಶಾಲೆಗಳಿದ್ದುದನ್ನು ಇಬ್ನ್ ಬತೂತ ಮೆಚ್ಚಿ ಬರೆದ. ಸೌಟು ಹಿಡಿದವಳ ಹೆಸರನ್ನು ಬರೆಯಲಿಲ್ಲ. ಊಟದ ಚರಿತ್ರೆ ಓದುವಾಗ ತಟ್ಟೆಯ ಜೊತೆಗೆ ಬಡಿಸಿದ ಕೈಯನ್ನೂ ನೋಡಬೇಕು. ಇಂದಿನ ಹಡಗಿನ ಭೋಜನಶಾಲೆಗೂ ಈ ಮಾತು ಸಲ್ಲುತ್ತದೆ.