ಎಕರೆಗೆ 21,000: ಪಾವಗಡದ ಸೌರ ಗುತ್ತಿಗೆಯ ಅರ್ಥಶಾಸ್ತ್ರ

ತುಮಕೂರು ಜಿಲ್ಲೆಗೆ ಸೇರಿದ್ದರೂ ಪಾವಗಡ ತಾಲ್ಲೂಕನ್ನು ಬಹುಪಾಲು ಸುತ್ತುವರಿದಿರುವುದು ಆಂಧ್ರಪ್ರದೇಶ. ಊರೊಳಗಿನ ಮಾತು ತೆಲುಗು, ಕಚೇರಿಯ ಕಾಗದ ಕನ್ನಡ. ಮಳೆ ಕಡಿಮೆ, ಬಂದರೂ ಬಿತ್ತನೆಗೆ ಬಂದದ್ದು ಹೂವಿಗೆ ಬರುವುದಿಲ್ಲ. ಕೊಳವೆಬಾವಿ ಆಳಕ್ಕಿಳಿದಷ್ಟೂ ನೀರಿನಲ್ಲಿ ಫ್ಲೋರೈಡ್. ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ನೇಮಕವಾದ, ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ ಪಾವಗಡವೂ ಒಂದು. ಇಂಥ ತಾಲ್ಲೂಕಿಗೆ 2015ರ ನಂತರ ಕೊರತೆಯೇ ಇಲ್ಲದ ಒಂದು ಸಂಪನ್ಮೂಲಕ್ಕೆ ಗಿರಾಕಿ ಸಿಕ್ಕಿತು. ಅದು ಬಿಸಿಲು.

ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚರ್ಲು, ಕ್ಯಾತಗಾನಚರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಇಂದು 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ಹರಡಿಕೊಂಡಿದೆ. ಸರ್ಕಾರಿ ಹೆಸರು ‘ಶಕ್ತಿ ಸ್ಥಳ’. ಕೇಂದ್ರದ ಸೌರಶಕ್ತಿ ನಿಗಮ ಮತ್ತು ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ ಜಂಟಿಯಾಗಿ 2015ರಲ್ಲಿ ಕಟ್ಟಿದ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ಇದರ ಯಜಮಾನ. ಮೊದಲ ಹಂತದ 600 ಮೆಗಾವ್ಯಾಟ್ 2018ರ ಮಾರ್ಚ್ 1ರಂದು ಲೋಕಾರ್ಪಣೆಗೊಂಡಿತು; 2019ರ ಕೊನೆಗೆ ಪೂರ್ಣ ಸಾಮರ್ಥ್ಯ ಬಂತು. ಆಗ ಇದು ಜಗತ್ತಿನ ಅತಿ ದೊಡ್ಡ ಸೌರ ಉದ್ಯಾನಗಳ ಸಾಲಿನಲ್ಲಿ ಮುಂಚೂಣಿಯಲ್ಲಿತ್ತು.

ಆದರೆ ಪಾವಗಡ ಅಧ್ಯಯನಕ್ಕೆ ಯೋಗ್ಯವಾಗುವುದು ಈ ಗಾತ್ರದಿಂದಲ್ಲ, ಭೂಮಿಯ ಕರಾರಿನಿಂದ. ಇಲ್ಲಿ ಸರ್ಕಾರ ಜಮೀನನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ. ಸುಮಾರು 2,300 ರೈತರಿಂದ 28 ವರ್ಷದ ಅವಧಿಗೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಖಾತೆ ರೈತನದೇ, ಬಳಕೆ ಮಾತ್ರ ನಿಗಮದ್ದು. ಶರಾವತಿ ಜಲವಿದ್ಯುತ್ ಅಣೆಕಟ್ಟೆಯ ಹಿನ್ನೀರಿಗೆ ಊರುಗಳನ್ನೇ ಬಿಟ್ಟುಕೊಟ್ಟವರ ಕಷ್ಟ ಇನ್ನೂ ತೀರದ ರಾಜ್ಯದಲ್ಲಿ, ವಿದ್ಯುತ್ತಿಗಾಗಿ ನೆಲ ಕೊಟ್ಟವನು ನೆಲದೊಡೆಯನಾಗಿಯೇ ಉಳಿಯುವುದು ಸಣ್ಣ ಸಾಧನೆಯಲ್ಲ. ಈ ಮಾದರಿಯ ಗುಣವನ್ನು ಮೊದಲು ಒಪ್ಪಿಕೊಂಡೇ ಅದರ ಕೊರತೆಗಳಿಗೆ ಕೈಹಾಕಬೇಕು.

ರೈತ ಯಾಕೆ ಒಪ್ಪಿದ ಎಂಬುದಕ್ಕೆ ಅರ್ಥಶಾಸ್ತ್ರದ ಉತ್ತರ ಸರಳ. ಒಂದು ದಾರಿ ಹಿಡಿದಾಗ ಕೈಬಿಟ್ಟ ಇನ್ನೊಂದು ದಾರಿಯ ಗಳಿಕೆಯೇ ಆ ಆಯ್ಕೆಯ ನಿಜವಾದ ಬೆಲೆ. ಪಾವಗಡದ ಕೆಂಪು ನೆಲದಲ್ಲಿ ಕೈಬಿಟ್ಟ ದಾರಿ ಎಂದರೆ ಮಳೆಯಾಶ್ರಿತ ಕಡಲೆಕಾಯಿ. ಬೀಜ, ಗೊಬ್ಬರ, ಆಳು ಎಂದು ಸಾಲ ತಂದು ಸುರಿದ ಮೇಲೆ ಜುಲೈ–ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟರೆ ಉಳಿಯುವುದು ಒಣಬಳ್ಳಿ ಮತ್ತು ಬಡ್ಡಿ. ಅದರ ಎದುರು ಮಳೆ ಬಂದರೂ ಬಾರದಿದ್ದರೂ ಬರುವ 21,000 ರೂಪಾಯಿ ದೊಡ್ಡ ಮೊತ್ತವೇ. ಹತ್ತಾರು ಎಕರೆ ಒಣಭೂಮಿ ಇಟ್ಟುಕೊಂಡೂ ಸಾಲಗಾರನಾಗಿದ್ದವನಿಗೆ ಇದು ಬರಗಾಲದ ವಿಮೆಯಂತೆ ಒದಗಿತು.

ಆದರೆ ಕರಾರಿನ ಏರಿಕೆಯ ಸೂತ್ರವನ್ನು 28 ವರ್ಷದುದ್ದಕ್ಕೂ ಎಳೆದು ನೋಡಬೇಕು. ಎರಡು ವರ್ಷಕ್ಕೆ ಶೇ 5 ಎಂದರೆ ವರ್ಷಕ್ಕೆ ಶೇ 2.5ಕ್ಕಿಂತ ಒಂದಿಷ್ಟು ಕಡಿಮೆ. ಭಾರತೀಯ ರಿಸರ್ವ್ ಬ್ಯಾಂಕಿಗೆ ಸರ್ಕಾರವೇ ಗೊತ್ತುಮಾಡಿಕೊಟ್ಟಿರುವ ಹಣದುಬ್ಬರದ ಗುರಿ ಶೇ 4. ಬೆಲೆಗಳು ಆ ಗುರಿಯಲ್ಲೇ ನಿಂತವು ಎಂದುಕೊಂಡರೂ, ಹತ್ತನೇ ವರ್ಷ ರೈತನ ಕೈಗೆ ಬರುವ ಸುಮಾರು 25,500 ರೂಪಾಯಿ ಮೊದಲ ವರ್ಷದ ಬೆಲೆಯಲ್ಲಿ 18,000ಕ್ಕೂ ಕಡಿಮೆ. ಕೊನೆಯ ವರ್ಷದ 39,600 ರೂಪಾಯಿ ಆರಂಭದ ಬೆಲೆಯಲ್ಲಿ 13,700ರ ಆಸುಪಾಸು. ಹಣದುಬ್ಬರ ಶೇ 6ರಷ್ಟಿದ್ದರೆ 8,200. ಚೆಕ್ಕಿನ ಮೇಲಿನ ಅಂಕಿ ಪ್ರತಿ ಎರಡು ವರ್ಷಕ್ಕೆ ಏರುತ್ತದೆ. ಅದು ಕೊಳ್ಳುವ ರಾಗಿ, ಔಷಧ, ಶಾಲಾ ಶುಲ್ಕ ವರ್ಷ ಕಳೆದಂತೆ ಇಳಿಯುತ್ತದೆ. ಸರ್ಕಾರಿ ನೌಕರನ ತುಟ್ಟಿಭತ್ಯೆಯನ್ನು ಬೆಲೆಸೂಚ್ಯಂಕಕ್ಕೆ ಕಟ್ಟಿರುವ ವ್ಯವಸ್ಥೆ ರೈತನ ಬಾಡಿಗೆಯನ್ನು ಕಟ್ಟದೆ ಬಿಟ್ಟದ್ದು ಸರಿಯಲ್ಲ. ಹಣದುಬ್ಬರದ ಅಪಾಯವನ್ನು ಹೊರಲು ಕರಾರಿನಲ್ಲಿದ್ದ ಎಲ್ಲರಿಗಿಂತ ಕಡಿಮೆ ಶಕ್ತಿಯುಳ್ಳವನು ಅವನೇ ಆಗಿದ್ದ.

ಇಷ್ಟು ಹೇಳಿದ್ದು ಪಹಣಿಯಲ್ಲಿ ಹೆಸರಿದ್ದವರ ಕಥೆ.

ಕಡಲೆಕಾಯಿ ಆಳು ಬೇಡುವ ಬೆಳೆ. ಬಿತ್ತನೆ, ಎರಡು ಸಲ ಕಳೆ, ಗಿಡ ಕೀಳುವುದು, ಕಾಯಿ ಬಿಡಿಸುವುದು, ಬೀಜಕ್ಕೆ ಸುಲಿಯುವುದು: ಇದರಲ್ಲಿ ಬಹುಪಾಲು ಹೆಂಗಸರ ಕೂಲಿ. ಬೆಳೆ ಸೋತರೂ ಬಿತ್ತನೆ ಮತ್ತು ಕಳೆಯ ಕೂಲಿ ಆಗಲೇ ಪಾವತಿಯಾಗಿರುತ್ತದೆ. ಬರದ ನಷ್ಟ ಒಡೆಯನಿಗೆ ಮೊದಲು, ಆಳಿಗೆ ಆಮೇಲೆ. 13,000 ಎಕರೆಯಲ್ಲಿ ಅರ್ಧದಷ್ಟು ಮಾತ್ರ ಬಿತ್ತನೆಯಾಗುತ್ತಿತ್ತು, ಎಕರೆಗೆ 25 ಆಳಿನ ದಿನ ಬೇಕಾಗುತ್ತಿತ್ತು ಎಂದು ಬರಿಯ ಲೆಕ್ಕಕ್ಕಾಗಿ ಹಿಡಿದರೂ ವರ್ಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಕೂಲಿದಿನಗಳಾಗುತ್ತವೆ. ಸೌರಫಲಕಗಳ ಕೆಳಗೆ ಉಳಿದ ಕೆಲಸ ಹುಲ್ಲು ಕೊಯ್ಯುವುದು, ಫಲಕ ತೊಳೆಯುವುದು, ಕಾವಲು ಕಾಯುವುದು. ತೊಳೆಯುವ ಕೆಲಸಕ್ಕೂ ಯಂತ್ರ ಬರುತ್ತಿದೆ.

ಕುರಿಗಳ ಮಾತೂ ಇದೆ. ಪಾವಗಡ, ಸಿರಾ, ಮಧುಗಿರಿ ಸೀಮೆಯಲ್ಲಿ ಕುರಿ ಸಾಕಣೆ ಬರಗಾಲದಲ್ಲೂ ಕೈಬಿಡದ ಕಸುಬು. ಕೊಯ್ಲಾದ ಹೊಲ, ಬೀಳು, ಬದು ಯಾರ ಹೆಸರಿನಲ್ಲಿದ್ದರೂ ಮಂದೆ ಅಲ್ಲಿ ಮೇಯುತ್ತಿತ್ತು. ಆ ಹಕ್ಕಿಗೆ ದಾಖಲೆ ಇರಲಿಲ್ಲ, ರೂಢಿ ಇತ್ತು. ತಂತಿಬೇಲಿ ಬಿದ್ದ ದಿನ ಅದು ಮುಗಿಯಿತು. ಅದಕ್ಕೆ ಯಾರೂ ಬೆಲೆ ಕಟ್ಟಲಿಲ್ಲ.

ಬಂಗಾಳದ 1943ರ ಕ್ಷಾಮವನ್ನು ಅಧ್ಯಯನ ಮಾಡಿದ ಅಮರ್ತ್ಯ ಸೇನ್ 1981ರ ಪುಸ್ತಕದಲ್ಲಿ ತೋರಿಸಿದ್ದು ಇದನ್ನೇ: ಮನುಷ್ಯರು ಹಸಿಯುವುದು ಅನ್ನ ಇಲ್ಲದ್ದರಿಂದ ಮಾತ್ರವಲ್ಲ, ಅನ್ನದ ಮೇಲಿನ ತಮ್ಮ ಹಕ್ಕು ಕಳಚಿದಾಗ. ಕೂಲಿಯವನ ಹಕ್ಕು ಅವನ ದುಡಿಮೆಗೆ ಗಿರಾಕಿ ಇರುವವರೆಗೆ ಮಾತ್ರ. ಪಾವಗಡದಲ್ಲಿ ಕ್ಷಾಮವಿಲ್ಲ, ಪಡಿತರವಿದೆ. ಆದರೂ ತರ್ಕ ಹೊಂದುತ್ತದೆ. ಐದು ಊರುಗಳ ಒಟ್ಟು ವರಮಾನ ಏರಿರಬಹುದು. ಆ ಏರಿಕೆ ಬಾಡಿಗೆಯ ರೂಪದಲ್ಲಿ ಒಂದು ಗುಂಪಿಗೆ ಬಂದು, ಇಳಿಕೆ ಕೂಲಿಯ ರೂಪದಲ್ಲಿ ಇನ್ನೊಂದು ಗುಂಪಿಗೆ ಹೋಯಿತು. ಸರಾಸರಿ ಅಂಕಿ ಇದನ್ನು ಮರೆಮಾಚುತ್ತದೆ.

ಕಾನೂನು ಕೂಡ ಈ ಎರಡನೆಯ ಗುಂಪನ್ನು ಕಾಣಬಲ್ಲದು. 2014ರ ಜನವರಿಯಲ್ಲಿ ಜಾರಿಗೆ ಬಂದ ಭೂಸ್ವಾಧೀನ ಕಾಯ್ದೆ, ಮೂರು ವರ್ಷದಿಂದ ಆ ನೆಲದಲ್ಲಿ ದುಡಿದು ಬದುಕುತ್ತಿದ್ದ ಭೂರಹಿತ ಕೂಲಿಕಾರ, ಗೇಣಿದಾರ, ಕುಶಲಕರ್ಮಿಯನ್ನೂ ‘ಬಾಧಿತ ಕುಟುಂಬ’ ಎಂದೇ ಎಣಿಸುತ್ತದೆ. ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕಡ್ಡಾಯ ಮಾಡುತ್ತದೆ. ಆದರೆ ಪಾವಗಡದಲ್ಲಿ ಸ್ವಾಧೀನವೇ ನಡೆಯಲಿಲ್ಲ. ಗುತ್ತಿಗೆ ಎಂಬುದು ಒಡೆಯ ಮತ್ತು ನಿಗಮದ ನಡುವಿನ ಒಪ್ಪಂದ, ಮೂರನೆಯವನಿಗೆ ಅಲ್ಲಿ ಜಾಗವಿಲ್ಲ. ಸೌರಫಲಕದ ಯೋಜನೆಗಳಿಗೆ 2006ರ ಅಧಿಸೂಚನೆಯಂತೆ ಪರಿಸರ ಪೂರ್ವಾನುಮತಿಯೂ ಬೇಕಿಲ್ಲ. ಹೀಗೆ ರೈತನ ಒಡೆತನ ಉಳಿಸಿದ ಉಪಾಯವೇ ಕೂಲಿಕಾರನ ಹೆಸರನ್ನು ಪಟ್ಟಿಯಿಂದ ಬಿಡಿಸಿತು. ಕರ್ನಾಟಕದ ಭೂಸುಧಾರಣೆ ಗೇಣಿ ಜಮೀನನ್ನು ಸರ್ಕಾರಕ್ಕೆ ವಹಿಸಿ ಉಳುವವನಿಗೆ ಕೊಡಲು ಹೊರಟದ್ದು 1974ರ ಮಾರ್ಚ್ 1ರಂದು. ಕಾಗದದಲ್ಲಿ ಗೇಣಿ ಕೊನೆಗೊಂಡ ಆ ದಿನಕ್ಕೆ ಸರಿಯಾಗಿ 44 ವರ್ಷದ ನಂತರ ಶಕ್ತಿ ಸ್ಥಳದ ಉದ್ಘಾಟನೆ. ಕಾಗದವಿಲ್ಲದೆ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಉಳುತ್ತಿದ್ದವನು ಎರಡೂ ಲೆಕ್ಕಗಳ ಹೊರಗೇ ಉಳಿದ.

1939ರಲ್ಲಿ ಅರ್ಥಶಾಸ್ತ್ರಜ್ಞರಾದ ನಿಕೊಲಸ್ ಕಾಲ್ಡರ್ ಮತ್ತು ಜಾನ್ ಹಿಕ್ಸ್ ಮಂಡಿಸಿದ ಒರೆಗಲ್ಲೊಂದು ಸಾರ್ವಜನಿಕ ಯೋಜನೆಗಳ ಲಾಭ–ನಷ್ಟದ ಲೆಕ್ಕಕ್ಕೆಲ್ಲ ಬುನಾದಿ: ಗೆದ್ದವರು ಸೋತವರಿಗೆ ನಷ್ಟ ತುಂಬಿಕೊಟ್ಟೂ ಲಾಭದಲ್ಲಿ ಉಳಿಯಬಲ್ಲರಾದರೆ ಯೋಜನೆ ಒಳ್ಳೆಯದು. ನಿಜವಾಗಿ ತುಂಬಿಕೊಡಬೇಕೆಂದೇನೂ ಅದು ಹೇಳುವುದಿಲ್ಲ. ಅಲ್ಲೇ ಅದರ ದೌರ್ಬಲ್ಯ. ಪಾವಗಡದ ಮಟ್ಟಿಗೆ ತುಂಬಿಕೊಡುವ ಶಕ್ತಿ ಎಷ್ಟಿದೆ ಎಂಬುದನ್ನಾದರೂ ಲೆಕ್ಕ ಹಾಕಬಹುದು.

13,000 ಎಕರೆಗೆ ಆರಂಭದ ದರದಲ್ಲಿ ವರ್ಷದ ಬಾಡಿಗೆ 27.3 ಕೋಟಿ ರೂಪಾಯಿ. ಒಂದು ಮೆಗಾವ್ಯಾಟ್ ಸಾಮರ್ಥ್ಯ ವರ್ಷಕ್ಕೆ 18 ಲಕ್ಷ ಯೂನಿಟ್ ಕೊಡುತ್ತದೆ ಎಂದು ಹಿಡಿತದಿಂದಲೇ ಎಣಿಸಿದರೆ, ಇಡೀ ಉದ್ಯಾನದ್ದು ಸುಮಾರು 369 ಕೋಟಿ ಯೂನಿಟ್. ಭಾಗಿಸಿದರೆ ಪ್ರತಿ ಯೂನಿಟ್ಟಿನಲ್ಲಿ ನೆಲದೊಡೆಯರ ಪಾಲು ಏಳೂವರೆ ಪೈಸೆಯೊಳಗೆ. 2016ರ ಹರಾಜಿನಲ್ಲಿ ಇಲ್ಲಿನ ವಿದ್ಯುತ್ತಿಗೆ ಯೂನಿಟ್‌ಗೆ ಸುಮಾರು 4 ರೂಪಾಯಿ 80 ಪೈಸೆ ದರ ಬಂದಿತ್ತು. ಎರಡೇ ವರ್ಷದಲ್ಲಿ ಅದು 3 ರೂಪಾಯಿಗಿಂತ ಕೆಳಗಿಳಿಯಿತು. ಫಲಕಗಳ ಬೆಲೆ ಕುಸಿದದ್ದರಿಂದ ಯೂನಿಟ್‌ಗೆ ಒಂದೂಮುಕ್ಕಾಲು ರೂಪಾಯಿಗೂ ಹೆಚ್ಚು ಉಳಿದ ಆ ಕಾಲದಲ್ಲಿ ನೆಲದ ಬಾಡಿಗೆಯ ಸೂತ್ರ ಕದಲಲಿಲ್ಲ, ಕೂಲಿಕಾರನ ಪಾಲು ಸೊನ್ನೆಯಲ್ಲೇ ಇತ್ತು.

ಯೂನಿಟ್‌ಗೆ ಬರೀ 2 ಪೈಸೆ ಬೇರೆ ತೆಗೆದಿಟ್ಟರೆ ವರ್ಷಕ್ಕೆ 7.38 ಕೋಟಿ ರೂಪಾಯಿ ಕೂಡುತ್ತದೆ. ತಿಂಗಳಿಗೆ 100 ಯೂನಿಟ್ ಬಳಸುವ ಬೆಂಗಳೂರಿನ ಮನೆಯೊಂದು ತನ್ನ ಅಷ್ಟೂ ವಿದ್ಯುತ್ತನ್ನು ಪಾವಗಡದಿಂದಲೇ ತರಿಸಿಕೊಂಡರೂ ಅದರ ಮೇಲೆ ಬೀಳುವ ಹೊರೆ 2 ರೂಪಾಯಿ. ಈ ಹಣ ಐದು ಊರುಗಳ ಭೂರಹಿತ ಮತ್ತು ಕುರಿಗಾಹಿ ಕುಟುಂಬಗಳ ಖಾತೆಗೆ, ಹೆಂಗಸರ ಹೆಸರಿಗೆ, ಗುತ್ತಿಗೆಯ ಅವಧಿಯುದ್ದಕ್ಕೂ ಹೋಗಬಹುದು. ಆಗಲೇ ಸಹಿಯಾಗಿರುವ ವಿದ್ಯುತ್ ಖರೀದಿ ಒಪ್ಪಂದಗಳನ್ನು ಈಗ ಕೆದಕಿದರೆ ಕೋರ್ಟು ಮೆಟ್ಟಿಲು ಹತ್ತಬೇಕಾದೀತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆ ಕಾರಣಕ್ಕೆ ಹಳೆಯ ಪಾಲನ್ನು ರಾಜ್ಯದ ಬಜೆಟ್ ಹೊರಲಿ, ಹೊಸ ಟೆಂಡರುಗಳಲ್ಲಿ ಇದು ಷರತ್ತಾಗಲಿ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಪಾವಗಡದವರು ಬೆಂಗಳೂರಿಗೆ ಗುಳೆ ಹೋಗುತ್ತಿದ್ದುದು ಸೌರ ಉದ್ಯಾನಕ್ಕಿಂತ ಎಷ್ಟೋ ಹಿಂದಿನಿಂದ. ಕೂಲಿ ಕಳೆದದ್ದಕ್ಕೆಲ್ಲ ಫಲಕಗಳೇ ಕಾರಣವೆಂದರೆ ಹೇಗೆ? ಇದಕ್ಕೆ ಉತ್ತರ ಅನಿಸಿಕೆಯಿಂದ ಬರುವುದಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಕನಿಷ್ಠ ಕೂಲಿ ಏರಿದಾಗ ಅದರ ಪರಿಣಾಮವನ್ನು ಗಡಿಯಾಚೆಯ ಪೆನ್ಸಿಲ್ವೇನಿಯಾದೊಂದಿಗೆ ಹೋಲಿಸಿ ಅಳೆದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ 1994ರಲ್ಲಿ ದಾರಿ ತೋರಿಸಿದ್ದಾರೆ. ಕಾರ್ಡ್ ಅವರಿಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅಂಥ ಹೋಲಿಕೆಗೆ ಪಾವಗಡಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಅದೇ ಹೋಬಳಿಯಲ್ಲಿ ಉದ್ಯಾನದ ಹೊರಗುಳಿದ ಊರುಗಳಿವೆ. ಗಡಿ ದಾಟಿದರೆ ಅದೇ ಮಣ್ಣು, ಅದೇ ಮಳೆ, ಅದೇ ತೆಲುಗು, ಅದೇ ಕಡಲೆಕಾಯಿ; ಸರ್ಕಾರ ಮಾತ್ರ ಬೇರೆ. ಇಂದಿನ ಶ್ರೀ ಸತ್ಯಸಾಯಿ ಜಿಲ್ಲೆಯ ನಂಬುಲಪೂಲಕುಂಟದಲ್ಲಿ ಇನ್ನೊಂದು ಸೌರ ಉದ್ಯಾನವೇ ಇದೆ, ಅಲ್ಲಿ ನೆಲವನ್ನು ಗುತ್ತಿಗೆಗಲ್ಲ, ಪೂರ್ತಿಯಾಗಿಯೇ ಪಡೆಯಲಾಯಿತು. ಗುತ್ತಿಗೆ ಮೇಲೋ ಸ್ವಾಧೀನ ಮೇಲೋ ಎಂಬ ದೇಶದ ದೊಡ್ಡ ಪ್ರಶ್ನೆಗೆ ಈ ಎರಡು ನೆಲಗಳ ಮನೆಮನೆ ಸಮೀಕ್ಷೆ ಉತ್ತರ ಕೊಡಬಲ್ಲದು. ತುಮಕೂರು ಮತ್ತು ಅನಂತಪುರದ ವಿಶ್ವವಿದ್ಯಾಲಯಗಳು ಕೂಡಿ ಕೈಗೆತ್ತಿಕೊಳ್ಳಬೇಕಾದ ಕೆಲಸ ಇದು.

ಕರಾರು ಮುಗಿಯುವ ದಿನವನ್ನೂ ಈಗಲೇ ಯೋಚಿಸಬೇಕು. ಬದುಗಳು ಅಳಿಸಿ, ನೆಲದೊಳಗೆ ಕಾಂಕ್ರೀಟು ಇಳಿದ ಹೊಲವನ್ನು ರೈತನ ಮಗ ವಾಪಸು ಪಡೆಯುತ್ತಾನೆ. ಹಳೆಯ ಫಲಕಗಳನ್ನು 2022ರ ಇ-ತ್ಯಾಜ್ಯ ನಿಯಮಗಳು ತಮ್ಮ ವ್ಯಾಪ್ತಿಗೆ ತಂದಿವೆ. ಕೆಟ್ಟ ಮಣ್ಣನ್ನು ತಂದಿಲ್ಲ. ಹೊರಗಿನವರ ಮೇಲೆ ಬೀಳುವ ವೆಚ್ಚವನ್ನು ಮಾಡಿದವನ ಲೆಕ್ಕಕ್ಕೇ ಹಾಕಬೇಕೆಂದು ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲೇ ಬರೆದ. ನೆಲವನ್ನು ಮೊದಲಿನಂತೆ ಮಾಡಿಕೊಡುವ ಠೇವಣಿಯನ್ನು ಕಂಪನಿಗಳಿಂದ ಈಗಲೇ ಕಟ್ಟಿಸಿಕೊಳ್ಳುವುದೇ ಅದರ ಪಾವಗಡದ ರೂಪ.

ಉದ್ಯಾನವನ್ನು ಇನ್ನಷ್ಟು ವಿಸ್ತರಿಸುವ ಮಾತು ನಡೆದಿದೆ. ನೆಲ ಕೊಡಲು ಸಿದ್ಧರಿರುವ ರೈತರೂ ಇದ್ದಾರೆ. ವಿಸ್ತರಣೆ ಆಗಲಿ. ಆದರೆ ಹೊಸ ಕರಾರಿಗೆ ಸಹಿ ಬೀಳುವ ಮೊದಲು ಬಾಡಿಗೆಯನ್ನು ಬೆಲೆಸೂಚ್ಯಂಕಕ್ಕೆ ಕಟ್ಟಬೇಕು, ಮತ್ತು ಆಯಾ ಊರಿನಲ್ಲಿ ಕೂಲಿಯಿಂದ, ಕುರಿಯಿಂದ, ವಾರದ ಬೇಸಾಯದಿಂದ ಬದುಕುವ ಕುಟುಂಬಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಹೆಸರು ಹೆಸರಾಗಿ ಓದಿಸಬೇಕು.