ಲೆಕ್ಕಕ್ಕೆ ಸಿಗದ ಜ್ವರ

ನಮ್ಮಜ್ಜಿಯ ಅಪ್ಪ ಹುಡುಗನಾಗಿದ್ದಾಗ ಊರಿಗೆಲ್ಲ ಒಂದು ಜ್ವರ ಬಂದಿತ್ತಂತೆ. ಅವರ ಇಬ್ಬರು ತಮ್ಮಂದಿರು ಒಂದೇ ವಾರದಲ್ಲಿ ಹೋಗಿಬಿಟ್ಟರು. ಅವರೂ ಹಾಸಿಗೆ ಹಿಡಿದಿದ್ದರು, ಹೇಗೋ ಉಳಿದುಕೊಂಡರು. ಅಜ್ಜಿ ಈ ಕತೆ ಹೇಳಿದಾಗಲೆಲ್ಲ ನನಗೊಂದೇ ಪ್ರಶ್ನೆ... ಈ ಮೂವರನ್ನು ಯಾರಾದರೂ ಲೆಕ್ಕಕ್ಕೆ ಹಿಡಿದಿದ್ದರಾ?

ಅದು 1918ರ ಇನ್‌ಫ್ಲುಯೆಂಜಾ. ಜೂನ್‌ನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು, ಸೆಪ್ಟೆಂಬರ್ ಹೊತ್ತಿಗೆ ಎರಡನೇ ಅಲೆಯಾಗಿ ದೇಶವನ್ನೇ ನುಂಗತೊಡಗಿತು. ಟೆಸ್ಟ್ ಅಂತೂ ಇಲ್ಲವೇ ಇಲ್ಲ. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಪತ್ತೆಯಾಗಿದ್ದೇ 1933ರಲ್ಲಿ. ಹಳ್ಳಿಗಳಲ್ಲಿ ಸತ್ತವರ ಲೆಕ್ಕ ಬರೆಸುತ್ತಿದ್ದವರು ಊರಿನ ನೌಕರರು. ಕಾರಣ ಅಂತ ಬಹುಪಾಲು ಬರೀ 'ಜ್ವರ'. ಬರೆಸುವವರೇ ಮಲಗಿದರೆ ಅದೂ ಇಲ್ಲ. ಲಾಗ್ ಬರೆಯಬೇಕಾದ ಪ್ರೋಗ್ರಾಮೇ ಕ್ರ್ಯಾಶ್ ಆದ ಹಾಗೆ!

ಹಾಗಿದ್ದರೆ ಲೆಕ್ಕ ಹಾಕಿದ್ದು ಹೇಗೆ? ಬೇರೆ ವರ್ಷ ಇದೇ ತಿಂಗಳುಗಳಲ್ಲಿ ಎಷ್ಟು ಜನ ಸಾಯುತ್ತಿದ್ದರು, ಈ ಸಲ ಎಷ್ಟು? ಕಳೆದರೆ ಉಳಿಯುವುದು ಜ್ವರದ ಪಾಲು. 1919ರಲ್ಲಿ ಸ್ಯಾನಿಟರಿ ಕಮಿಷನರ್ ನಾರ್ಮನ್ ವೈಟ್ ಕೊಟ್ಟ ಅಂದಾಜು ಸುಮಾರು 60 ಲಕ್ಷ ಸಾವು. ಆಮೇಲೆ 1921ರ ಜನಗಣತಿ ಬಂತು. ಇಂದಿನ ಭಾರತದ ಗಡಿಯೊಳಗೆ 1911ರಲ್ಲಿ 25.21 ಕೋಟಿ ಇದ್ದ ಜನ 25.13 ಕೋಟಿಗೆ ಇಳಿದಿದ್ದರು! ಅಂದಾಜು 1.2-1.3 ಕೋಟಿಗೆ ಏರಿತು. 1951ರಲ್ಲಿ ಕಿಂಗ್‌ಸ್ಲೆ ಡೇವಿಸ್ 1.8 ಕೋಟಿಗೂ ಮೇಲೆ ಅಂದರು. 2012ರಲ್ಲಿ ಸಿದ್ಧಾರ್ಥ್ ಚಂದ್ರ ಮತ್ತು ಸಂಗಡಿಗರು ಅದು ಕನಿಷ್ಠ ಶೇ. 24ರಷ್ಟು ಜಾಸ್ತಿಯಾಯ್ತು ಅಂದರು. ಜ್ವರ ಬಾರದಿದ್ದರೆ ಜನ ಎಷ್ಟಿರುತ್ತಿದ್ದರು ಎಂಬ ಊಹೆ ಬದಲಾದರೆ ಉತ್ತರವೂ ಬದಲು, ಅಷ್ಟೇ.

ಇದೆಲ್ಲ ಸತ್ತವರ ಮಾತಾಯಿತು. ಜ್ವರ ಬಂದು ಬದುಕಿದವರು? ಜನಗಣತಿಯಲ್ಲಿ ಅವರು ಎಲ್ಲರಂತೆ ಒಂದು ತಲೆ. ಕಾಯಿಲೆ ನಿಜಕ್ಕೂ ಎಷ್ಟು ಹರಡಿತ್ತು ಅಂತ ಆ ಲೆಕ್ಕ ಹೇಳುವುದಿಲ್ಲ.

ಆದರೆ ರಕ್ತಕ್ಕೆ ನೆನಪಿರುತ್ತದೆ. ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ, ಕರ್ನಾಟಕದಲ್ಲಿ ಸುಮಾರು 15 ಸಾವಿರ ಜನರನ್ನು ಪರೀಕ್ಷಿಸಿದರು. ಆಗಿನ ಸೋಂಕಿನ ಜೊತೆಗೆ, ಹಿಂದೆ ಬಂದುಹೋದ ಸೋಂಕಿನ ಗುರುತನ್ನೂ ರಕ್ತದಲ್ಲಿ ಹುಡುಕಿದರು. ಅದರ ಪ್ರಕಾರ ರಾಜ್ಯದ ಶೇ. 27ರಷ್ಟು ಜನಕ್ಕೆ, ಅಂದರೆ 1.93 ಕೋಟಿ ಜನಕ್ಕೆ, ಆಗಲೇ ಸೋಂಕು ತಗುಲಿತ್ತು. ಪತ್ತೆಯಾದ ಒಂದೊಂದು ಕೇಸಿಗೆ ಸುಮಾರು 40 ಸೋಂಕು! ಇದೂ ಅಂದಾಜೇ, ಆದರೆ ಬದುಕಿದವರೂ ಇದರಲ್ಲಿದ್ದಾರೆ.

ಅಜ್ಜಿಯ ಅಪ್ಪನ ಇಬ್ಬರು ತಮ್ಮಂದಿರು ಆ ಕಡಿಮೆಯಾದ ತಲೆಗಳಲ್ಲಿ ಎಲ್ಲೋ ಇರಬೇಕು. ಎದ್ದು ಕೂತ ಹುಡುಗನ ಜ್ವರ ಮಾತ್ರ ಅಜ್ಜಿಯ ಕತೆಯಲ್ಲಷ್ಟೇ ಇದೆ. ನಿಮ್ಮ ಮನೆಯಲ್ಲೂ ಇಂಥ ಕತೆ ಇದ್ದರೆ ದಯವಿಟ್ಟು ಬರೆದಿಡಿ.