ಹ್ಯಾಮಕ್ ಕ್ವಿಲ್ಟ್‌ಗೆ ಕೃತಕ ನಾರು: ಆಯ್ಕೆ ಹೇಗೆ?

ಎರಡು ಮರಗಳ ನಡುವೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿ ಮಲಗಿ ಕಾಡಿನಲ್ಲಿ ರಾತ್ರಿ ಕಳೆಯುವುದು ಅಮೆರಿಕದ ಚಾರಣಿಗರಲ್ಲಿ ಅನೇಕರಿಗೆ ಅಚ್ಚುಮೆಚ್ಚು. ಹ್ಯಾಮಕ್ ಎಂದು ಕರೆಯಲಾಗುವ ಈ ಜೋಲಿಗೆ ಸಮತಟ್ಟಾದ ನೆಲ ಬೇಕಿಲ್ಲ. ಕಲ್ಲು, ಬೇರು, ಕೆಸರುಗಳ ಕಾಟವೂ ಇಲ್ಲ. ಆದರೆ ಅದಕ್ಕೊಂದು ದೊಡ್ಡ ಶತ್ರುವಿದೆ. ಅದು ಬೆನ್ನ ಕೆಳಗೆ ಬೀಸುವ ತಣ್ಣನೆಯ ಗಾಳಿ.

ಇದಕ್ಕೆ ಪರಿಹಾರವೆಂದರೆ ಕ್ವಿಲ್ಟ್ ಎಂಬ ಹಗುರವಾದ ರಜಾಯಿ. ಹೊಲಿಗೆಯಂತ್ರ ಬಲ್ಲ ಹವ್ಯಾಸಿಗಳು ಇದನ್ನು ಮನೆಯಲ್ಲೇ ತಯಾರಿಸಿಕೊಳ್ಳುತ್ತಾರೆ. ಹೊಲಿಯುವುದು ಸುಲಭ, ಒಳಗೆ ಯಾವ ಪದರವನ್ನು, ಎಷ್ಟು ದಪ್ಪ ಇಡಬೇಕೆಂಬುದೇ ಕಠಿಣ ಪ್ರಶ್ನೆ. ಲೆಕ್ಕ ತಪ್ಪಿದರೆ ನಿದ್ದೆಗೆಡುವುದಷ್ಟೇ ಅಲ್ಲ, ದೇಹದ ಒಳ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಹೈಪೋಥರ್ಮಿಯಾ ಪ್ರಾಣಕ್ಕೇ ಎರವಾಗಬಲ್ಲದು. ಈ ಆಯ್ಕೆಯ ಕುರಿತ ವಿವರ ಇಲ್ಲಿದೆ.

ಎರಡು ಕ್ವಿಲ್ಟ್ ಏಕೆ?

ಯಾವ ಹೊದಿಕೆಯೂ ಶಾಖವನ್ನು ಉತ್ಪಾದಿಸುವುದಿಲ್ಲ. ನಾರುಗಳ ನಡುವೆ ನಿಶ್ಚಲವಾಗಿ ನಿಂತ ಗಾಳಿ ದೇಹದ ಶಾಖ ಹೊರಹೋಗದಂತೆ ತಡೆಯುತ್ತದೆ, ಅಷ್ಟೆ. ಪದರ ಉಬ್ಬಿಕೊಂಡಿದ್ದಷ್ಟೂ ಬೆಚ್ಚಗೆ. ಒತ್ತಿಹೋದರೆ ಅದು ಬರಿಯ ಬಟ್ಟೆ.

ಹ್ಯಾಮಕ್‌ನೊಳಗೆ ಸ್ಲೀಪಿಂಗ್ ಬ್ಯಾಗ್ ಹಾಸಿ ಮಲಗಿದಾಗ ಆಗುವುದು ಇದೇ. ಮೈಭಾರಕ್ಕೆ ಕೆಳಭಾಗ ಅಪ್ಪಚ್ಚಿಯಾಗಿ ನಿರುಪಯುಕ್ತವಾಗುತ್ತದೆ. ಆದ್ದರಿಂದ ಹ್ಯಾಮಕ್‌ನ ಹೊರಗೆ, ಅದರ ಅಡಿಯಲ್ಲಿ, ರಬ್ಬರ್ ಹುರಿಗಳಿಂದ ಒಂದು ಕ್ವಿಲ್ಟ್ ತೂಗುಹಾಕಲಾಗುತ್ತದೆ. ಇದು ಅಂಡರ್‌ಕ್ವಿಲ್ಟ್. ಮೈಭಾರ ಅದರ ಮೇಲೆ ಬೀಳದ ಕಾರಣ ಅದು ಉಬ್ಬಿಕೊಂಡೇ ಇರುತ್ತದೆ. ಮೇಲೆ ಹೊದೆಯಲು ಇನ್ನೊಂದು ಕ್ವಿಲ್ಟ್ ಬೇಕಾಗುತ್ತದೆ.

ತುಪ್ಪಳವೋ, ಕೃತಕ ನಾರೋ?

ತೂಕ ಮತ್ತು ಉಷ್ಣತೆಯ ಲೆಕ್ಕದಲ್ಲಿ ಬಾತು, ಹೆಬ್ಬಾತುಗಳ ಎದೆಯ ತುಪ್ಪಳಕ್ಕೆ ಸಾಟಿಯಿಲ್ಲ. ಡೌನ್ ಎಂಬ ಹೆಸರಿನ ಈ ತುಪ್ಪಳ ಹಿಂಡಿದರೆ ಮುಷ್ಟಿಯಷ್ಟಾಗಿ, ಬಿಟ್ಟರೆ ಮತ್ತೆ ಅರಳುತ್ತದೆ. ಆದರೆ ನೆನೆದರೆ ಮುದ್ದೆಗಟ್ಟುತ್ತದೆ, ಒಣಗಲು ಬಹಳ ಹೊತ್ತು ಹಿಡಿಯುತ್ತದೆ, ಬೆಲೆಯೂ ಹೆಚ್ಚು. ಮೇಲಾಗಿ ಅದನ್ನು ಹಿಡಿದಿಡಲು ಅನೇಕ ಕೋಣೆಗಳನ್ನು ಹೊಲಿಯಬೇಕು. ಹೊಸದಾಗಿ ಹೊಲಿಗೆ ಕಲಿತವರಿಗೆ ಅದು ಸುಲಭದ ಕೆಲಸವಲ್ಲ.

ಕೃತಕ ಪದರಗಳಲ್ಲಿ ಬಹುತೇಕ ಪಾಲಿಯೆಸ್ಟರ್ ನಾರಿನವು. ಈ ನಾರು ತನ್ನ ತೂಕದ ಶೇ. 0.4ರಷ್ಟು ತೇವವನ್ನು ಮಾತ್ರ ಹೀರಿಕೊಳ್ಳುವುದರಿಂದ ಬೇಗ ಒಣಗುತ್ತದೆ. ಹಾಗೆಂದು 'ಒದ್ದೆಯಾದರೂ ಬೆಚ್ಚಗಿರುತ್ತದೆ' ಎಂಬ ಪ್ರಚಾರವನ್ನು ಪೂರ್ತಿ ನಂಬುವಂತಿಲ್ಲ. ನೀರು ನಿಶ್ಚಲ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ನಾರುಗಳ ನಡುವೆ ನೀರು ನಿಂತಾಗ ಕೃತಕ ಕ್ವಿಲ್ಟ್ ಕೂಡ ತಣ್ಣಗಾಗುತ್ತದೆ. ತುಪ್ಪಳದಷ್ಟು ಕುಸಿಯುವುದಿಲ್ಲ ಎಂಬುದಷ್ಟೇ ಅದರ ಅನುಕೂಲ.

ಮಾರುಕಟ್ಟೆಯಲ್ಲಿ ಏನಿದೆ?

ಉದ್ದೆಳೆಯ ಹಾಳೆ: ತುಂಡಾಗದ ಉದ್ದನೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಹಾಳೆಯಂತಾದ ಪದರವಿದು. ಕ್ಲೈಮಾಶೀಲ್ಡ್ ಅಪೆಕ್ಸ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಹಾಳೆ ತನ್ನ ಆಕಾರವನ್ನು ತಾನೇ ಹಿಡಿದುಕೊಳ್ಳುವುದರಿಂದ ಅಂಚುಗಳಲ್ಲಿ ಹೊಲಿದರೆ ಸಾಕು. ಮನೆಯಲ್ಲಿ ಹೊಲಿಯುವವರು ಹೆಚ್ಚಾಗಿ ಇದನ್ನೇ ಆರಿಸಿಕೊಳ್ಳಲು ಕಾರಣ ಇದು.

ತುಂಡೆಳೆಯ ಪದರ: ಅತಿ ಸಣ್ಣ ತುಂಡು ನಾರುಗಳ ಮೆತ್ತನೆಯ ಪದರ. ನೀರಿಗೆ ಜಗ್ಗದ ತುಪ್ಪಳದ ಬದಲಿಯೊಂದು ಅಮೆರಿಕದ ಸೇನೆಗೆ ಬೇಕಾಗಿದ್ದಾಗ, 1980ರ ದಶಕದಲ್ಲಿ ಆಲ್ಬನಿ ಇಂಟರ್‌ನ್ಯಾಷನಲ್ ಕಂಪನಿ ರೂಪಿಸಿದ ಪ್ರೈಮಾಲಾಫ್ಟ್ ಈ ಬಗೆಯಿಂದಲೇ ಹೆಸರಾಯಿತು. ಮೃದುತ್ವದಲ್ಲಿ ಮತ್ತು ಚಿಕ್ಕದಾಗಿ ಮಡಿಚಿಕೊಳ್ಳುವುದರಲ್ಲಿ ಇದು ಮುಂದು. ಆದರೆ ನಾರು ಜರುಗದಂತೆ ಅಲ್ಲಲ್ಲಿ ಅಡ್ಡ ಹೊಲಿಗೆ ಹಾಕಲೇಬೇಕು.

ಅಂಗಡಿಯ ಸಾಮಾನ್ಯ ಪಾಲಿಯೆಸ್ಟರ್ ಹಾಸು: ಮನೆಬಳಕೆಯ ರಜಾಯಿಗಳಿಗೆಂದು ಬಟ್ಟೆ ಅಂಗಡಿಗಳಲ್ಲಿ ಸಿಗುವ ಅಗ್ಗದ ಪದರ. ಅಷ್ಟೇ ಬೆಚ್ಚಗಿರಲು ಹೆಚ್ಚು ತೂಕ ಹೊರಬೇಕು. ಪದೇ ಪದೇ ಹಿಂಡಿದರೆ ಬೇಗ ಚಪ್ಪಟೆಯಾಗುತ್ತದೆ. ಹೊಲಿಗೆಯ ಅಭ್ಯಾಸಕ್ಕೆ ಇದು ಸೂಕ್ತ, ಚಳಿಯ ಚಾರಣಕ್ಕಲ್ಲ.

ಎಷ್ಟು ದಪ್ಪ ಬೇಕು?

ಉಡುಪಿನ ಉಷ್ಣರಕ್ಷಣೆಯನ್ನು ಅಳೆಯುವ ಮಾನ 'ಕ್ಲೋ'. ಇದನ್ನು 1941ರಲ್ಲಿ ಗ್ಯಾಗ್, ಬರ್ಟನ್ ಮತ್ತು ಬ್ಯಾಜೆಟ್ ಎಂಬ ವಿಜ್ಞಾನಿಗಳು ಸೂಚಿಸಿದರು. ಸುಮಾರು 21 ಡಿಗ್ರಿಯ ಕೋಣೆಯಲ್ಲಿ ಸುಮ್ಮನೆ ಕುಳಿತ ವ್ಯಕ್ತಿಗೆ ಹಿತವೆನಿಸಲು ಬೇಕಾದ ಉಡುಪು ಒಂದು ಕ್ಲೋ. ಅಪೆಕ್ಸ್ ಹಾಳೆಗೆ ಚದರ ಗಜದ ಪ್ರತಿ ಔನ್ಸಿಗೆ 0.82 ಕ್ಲೋ ಎಂದು ನಮೂದಿಸಲಾಗುತ್ತದೆ. ಇದರಂತೆ 5 ಔನ್ಸಿನ ಹಾಳೆ 4.1 ಕ್ಲೋ ಕೊಡುತ್ತದೆ.

ಹವ್ಯಾಸಿಗಳು ಬಳಸುವ ಸ್ಥೂಲ ಲೆಕ್ಕ ಹೀಗಿದೆ:

* 2.5 ಔನ್ಸ್ (ಚದರ ಮೀಟರ್‌ಗೆ 85 ಗ್ರಾಂ): ಸುಮಾರು 10 ಡಿಗ್ರಿವರೆಗೆ
* 3.6 ಔನ್ಸ್ (122 ಗ್ರಾಂ): ಸುಮಾರು 4 ಡಿಗ್ರಿವರೆಗೆ
* 5 ಔನ್ಸ್ (170 ಗ್ರಾಂ): ಸುಮಾರು ಶೂನ್ಯ ಡಿಗ್ರಿವರೆಗೆ
* 6 ಔನ್ಸ್ (203 ಗ್ರಾಂ): ಶೂನ್ಯಕ್ಕಿಂತ ನಾಲ್ಕೈದು ಡಿಗ್ರಿ ಕೆಳಗಿನವರೆಗೆ

ಹೆಚ್ಚಿನ ಚಳಿಗೆ ಎರಡು ಹಾಳೆಗಳನ್ನು ಒಂದರ ಮೇಲೊಂದು ಇಡಬಹುದು. ಆದರೆ ಇವು ಗಾಳಿ ನುಗ್ಗದ, ಒಣಗಿದ, ಹೊಸ ಕ್ವಿಲ್ಟ್‌ನ ಅಂಕಿಗಳೆಂಬುದನ್ನು ಮರೆಯುವಂತಿಲ್ಲ. ಚಳಿ ತಾಳುವ ಶಕ್ತಿಯೂ ಎಲ್ಲರಿಗೂ ಒಂದೇ ಸಮನಲ್ಲ. ಊಟವಿಲ್ಲದೆ ದಣಿದು ಮಲಗಿದವರಿಗೆ ಚಳಿ ಇನ್ನಷ್ಟು ಹೆಚ್ಚು.

ಅಪಲೇಚಿಯನ್ ಟ್ರೇಲ್ ಎಂಬ ಹಾದಿಯ ಉದಾಹರಣೆ ನೋಡಬಹುದು. ಜಾರ್ಜಿಯಾದಿಂದ ಮೇಯ್ನ್‌ವರೆಗೆ 14 ರಾಜ್ಯಗಳನ್ನು ಹಾಯುವ ಸುಮಾರು 3,500 ಕಿ.ಮೀ. ಉದ್ದದ ಈ ಹಾದಿ 1937ರಲ್ಲಿ ಪೂರ್ಣಗೊಂಡಿತು. ದಕ್ಷಿಣದಿಂದ ಹೊರಡುವವರು ಸಾಮಾನ್ಯವಾಗಿ ಮಾರ್ಚ್-ಏಪ್ರಿಲ್‌ನಲ್ಲಿ ನಡಿಗೆ ಆರಂಭಿಸಿ, ಮೊದಲ ಕೆಲವು ವಾರಗಳಲ್ಲೇ ಗ್ರೇಟ್ ಸ್ಮೋಕಿ ಪರ್ವತಗಳನ್ನು ಏರುತ್ತಾರೆ. ಹಾದಿಯ ಅತಿ ಎತ್ತರದ ತಾಣವಾದ ಕುವೋಹಿ ಶಿಖರ (2024ರವರೆಗೆ ಕ್ಲಿಂಗ್‌ಮನ್ಸ್ ಡೋಮ್) ಇರುವುದು ಇಲ್ಲೇ. ಎತ್ತರ 2,025 ಮೀಟರ್. ವಾರ್ಷಿಕ ಮಳೆ 2,000 ಮಿ.ಮೀ. ಮೀರುತ್ತದೆ. ಏಪ್ರಿಲ್‌ನಲ್ಲೂ ಇಲ್ಲಿನ ರಾತ್ರಿಯ ಉಷ್ಣಾಂಶ ಶೂನ್ಯದ ಆಸುಪಾಸಿಗೆ ಇಳಿಯುತ್ತದೆ. ಇಂತಹ ಹಾದಿಗೆ 3.6 ಔನ್ಸ್ ಸಾಲದು. 5 ಔನ್ಸ್ ಕನಿಷ್ಠ, 6 ಔನ್ಸ್ ಸುರಕ್ಷಿತ. ಪ್ರವಾಸದ ಸರಾಸರಿ ಚಳಿಯನ್ನಲ್ಲ, ಅತಿ ಚಳಿಯ ರಾತ್ರಿಯನ್ನು ಗಮನಿಸಿ ಆರಿಸಬೇಕೆಂಬುದು ಇದರ ತಾತ್ಪರ್ಯ.

ತೂಕದ ಲೆಕ್ಕವೂ ಸರಳ. ಎರಡು ಮೀಟರ್ ಉದ್ದ, 1.15 ಮೀಟರ್ ಅಗಲದ ಅಂಡರ್‌ಕ್ವಿಲ್ಟ್‌ನ ವಿಸ್ತೀರ್ಣ 2.3 ಚದರ ಮೀಟರ್. 5 ಔನ್ಸಿನ ಹಾಳೆಯಾದರೆ 391 ಗ್ರಾಂ. ಚದರ ಮೀಟರ್‌ಗೆ 35 ಗ್ರಾಂ ತೂಗುವ ನೈಲಾನ್ ಬಟ್ಟೆಯ ಎರಡು ಪದರಕ್ಕೆ 161 ಗ್ರಾಂ. ಹುರಿಗಳನ್ನು ಬಿಟ್ಟು ಒಟ್ಟು 552 ಗ್ರಾಂ. 6 ಔನ್ಸಿಗೆ ಏರಿದರೆ ಹೆಚ್ಚುವುದು ಸುಮಾರು 76 ಗ್ರಾಂ ಮಾತ್ರ. ಸುರಕ್ಷತೆಗೆ ಇದು ದುಬಾರಿಯಲ್ಲ.

ಕೌದಿಯಂತೆ ಹೊಲಿಯಬಾರದು

ಉತ್ತರ ಕರ್ನಾಟಕದ ಕೌದಿಯಲ್ಲಿ ಹಳೆಯ ಬಟ್ಟೆಗಳ ಪದರಗಳನ್ನು ಉದ್ದಕ್ಕೂ ಒತ್ತೊತ್ತಾಗಿ ಹೊಲಿಯಲಾಗುತ್ತದೆ. ಕೌದಿಯ ಬಲವೂ ಚೆಲುವೂ ಆ ಹೊಲಿಗೆಯಲ್ಲೇ ಇದೆ. ಉದ್ದೆಳೆಯ ಕ್ವಿಲ್ಟ್‌ಗೆ ಇದೇ ಕ್ರಮ ಮಾರಕ. ದಾರ ಹಾಯ್ದಲ್ಲೆಲ್ಲ ಪದರ ಒತ್ತಿಹೋಗಿ ಶಾಖ ಸೋರುತ್ತದೆ, ಸೂಜಿರಂಧ್ರಗಳಿಂದ ತೇವ ಒಳನುಗ್ಗುತ್ತದೆ. ಸುತ್ತಲಿನ ಅಂಚಿಗೆ ಮಾತ್ರ ಹೊಲಿಗೆ ಹಾಕಬೇಕು. ಹಾಳೆಯನ್ನು ಎಳೆದು ಬಿಗಿಗೊಳಿಸದೆ ಸಡಿಲವಾಗಿ ಇಡಬೇಕು.

ಅಂಡರ್‌ಕ್ವಿಲ್ಟ್ ಬೆನ್ನಿಗೆ ಹತ್ತಿಕೊಂಡಿರುವುದು ದಪ್ಪದಷ್ಟೇ ಮುಖ್ಯ. ನಡುವೆ ಸಂದು ಉಳಿದರೆ ಅಲ್ಲಿ ಗಾಳಿ ಸುಳಿದು ದಪ್ಪ ಪದರವೂ ವ್ಯರ್ಥವಾಗುತ್ತದೆ. ಹುರಿ ಅತಿಯಾಗಿ ಬಿಗಿಯಾದರೆ ಪದರ ಒತ್ತಿಹೋಗುತ್ತದೆ. ಮೂಲೆಗಳಲ್ಲಿ ಸಣ್ಣ ನೆರಿಗೆ ಹಿಡಿದು ತೊಟ್ಟಿಲಿನ ಆಕಾರ ಕೊಟ್ಟರೆ ಎರಡೂ ತೊಂದರೆ ತಪ್ಪುತ್ತವೆ.

ಬಾಳಿಕೆ

ಕೃತಕ ನಾರಿನ ನಿಜವಾದ ದೌರ್ಬಲ್ಯ ಬಾಳಿಕೆಯಲ್ಲಿದೆ. ಹಿಂಡಿ ಚೀಲಕ್ಕೆ ತುರುಕಿದಂತೆಲ್ಲ ಅದರ ಉಬ್ಬು ಸ್ವಲ್ಪ ಸ್ವಲ್ಪವೇ ತಗ್ಗುತ್ತದೆ. ಚೆನ್ನಾಗಿ ನೋಡಿಕೊಂಡ ತುಪ್ಪಳದ ಕ್ವಿಲ್ಟ್‌ನಷ್ಟು ಕಾಲ ಇದು ಬಾಳುವುದಿಲ್ಲ. ಮನೆಯಲ್ಲಿರುವಾಗ ಬಿಡಿಸಿ ತೂಗುಹಾಕುವುದು, ಇಸ್ತ್ರಿ ಹಾಗೂ ಬಿಸಿ ಡ್ರೈಯರ್‌ನಿಂದ ದೂರವಿಡುವುದು ಅವಶ್ಯ. ಉಬ್ಬು ತಗ್ಗುವ ಸಂಭವ ಇರುವುದರಿಂದಲೇ ಆರಂಭದಲ್ಲಿ ಒಂದು ಮೆಟ್ಟಿಲು ದಪ್ಪನೆಯ ಹಾಳೆ ಆರಿಸುವುದು ಜಾಣತನ.

ಒಟ್ಟಿನಲ್ಲಿ ಮಳೆಯ ನಾಡಿನಲ್ಲಿ ನಡೆಯುವವರಿಗೆ, ಮೊದಲ ಬಾರಿ ಹೊಲಿಯುವವರಿಗೆ, ಖರ್ಚು ಮಿತಿಯಲ್ಲಿಡಬೇಕಾದವರಿಗೆ ಉದ್ದೆಳೆಯ ಹಾಳೆ ಒಳ್ಳೆಯ ಆಯ್ಕೆ. ಹೊಸ ಕ್ವಿಲ್ಟನ್ನು ಮೊದಲು ಮನೆಯಂಗಳದಲ್ಲಿ, ಚಳಿಯಾದರೆ ಒಳಗೆ ಹೋಗಲು ಬಾಗಿಲು ಹತ್ತಿರವಿರುವಾಗ, ಒಂದು ರಾತ್ರಿ ಪರೀಕ್ಷಿಸಿದ ಮೇಲೆಯೇ ಬೆಟ್ಟಕ್ಕೆ ಒಯ್ಯುವುದು ಕ್ಷೇಮ.